ಕೇಸ್ ಪೇಪರಿನ ಮೊದಲ ಸಾಲು

ಪುಣೆ ಹತ್ತಿರದ ಭೋಸರಿ, ಚಾಕಣ ಕಡೆಯ ಪ್ರೆಸ್ ಶಾಪ್‌ಗಳಲ್ಲಿ, ಅಂದರೆ ಲೋಹದ ತಗಡು ಒತ್ತುವ ಕಾರ್ಖಾನೆಗಳಲ್ಲಿ, ಬೆರಳು ಕಳೆದುಕೊಳ್ಳಲು ಒಂದು ಕ್ಷಣ ಸಾಕು. ಅದು ಕೆಲಸದಲ್ಲಾದ ಗಾಯವೆಂದು ಕಾಗದದಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಮುಂದಿನ ಒಂದು ತಾಸಿನಲ್ಲಿ ತೀರ್ಮಾನವಾಗಿಬಿಡುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳುವುದೇ "ಹೇಗಾಯಿತು?" ಎಂದು. ಜೊತೆಗೆ ಬಂದ ಸೂಪರ್‌ವೈಸರ್ ದಾರಿಯಲ್ಲೇ "ಘರೀ ಪಡಲೋ ಅಸ ಸಾಂಗ" ಎಂದು ಕಿವಿ ಊದಿರುತ್ತಾನೆ. ಕಲಬುರಗಿ, ವಿಜಯಪುರದಿಂದ ಬಂದ ಹುಡುಗ ಕೆಲಸ ಹೋದೀತೆಂಬ ಅಂಜಿಕೆಯಲ್ಲಿ "ಮನ್ಯಾಗ ಬಿದ್ದೀನ್ರಿ" ಅಂದುಬಿಡುತ್ತಾನೆ. ಕೇಸ್ ಪೇಪರಿನಲ್ಲಿ ಹಾಗೆ ಬರೆದಾದ ಮೇಲೆ ಅದನ್ನು ಅಳಿಸುವುದು ಬಹಳ ಕಷ್ಟ.

ಆ ಒಂದು ಮಾತಿಗೆ ತೆರುವ ಬೆಲೆ ನೋಡಿ. ಕಾರ್ಮಿಕರ ಸರಕಾರಿ ವಿಮೆಯಾದ ಇಎಸ್‌ಐನಲ್ಲಿ ಕಾಯಿಲೆ ರಜೆಗೆ ಸಿಗುವುದು ಸರಾಸರಿ ದಿನಗೂಲಿಯ ಶೇ. 70, ಅದೂ ವರ್ಷಕ್ಕೆ 91 ದಿನ ಮಾತ್ರ. ಅದಕ್ಕೂ ಹಿಂದಿನ ಅರ್ಧವರ್ಷದಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಸೇರಿ ಎರಡು ತಿಂಗಳಾದವನಿಗೆ ಏನೂ ಇಲ್ಲ. ಕೆಲಸದ ಗಾಯಕ್ಕಾದರೆ ಶೇ. 90, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಹಕ್ಕು, ಗುಣವಾಗುವ ತನಕ. ದಿನಕ್ಕೆ 600 ರೂಪಾಯಿ ದುಡಿಯುವವನಿಗೆ 420 ಎಲ್ಲಿ, 540 ಎಲ್ಲಿ! ಅಂಗ ಕಳೆದುಕೊಂಡವನಿಗೆ ಜೀವಮಾನವಿಡೀ ಬರಬೇಕಾದ ಹಣ ಬೇರೆ.

ಆ ಹಣ ಗೆಣ್ಣಿನ ಲೆಕ್ಕದಲ್ಲಿ ನಿಂತಿದೆ. ಗಳಿಕೆಯ ಶಕ್ತಿಯಲ್ಲಾದ ನಷ್ಟವೆಂದು ಕಾನೂನಿನ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇ. 30, ಪೂರ್ತಿ ತೋರುಬೆರಳಿಗೆ 14, ಎರಡು ಗೆಣ್ಣು ಹೋದರೆ 11, ಒಂದಕ್ಕೆ 9. ಮೂಳೆ ಉಳಿದು ತುದಿ ಮಾತ್ರ ಕತ್ತರಿಸಿದ್ದರೆ 5. ಹೀಗಾಗಿ ಮೊದಲ ದಿನದ ಎಕ್ಸ್‌ರೇ ಫಿಲಂ ಕಂಪನಿಯ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಈ ನಷ್ಟ ಎಷ್ಟೆಂದು ತೀರ್ಮಾನಿಸುವ ಮೆಡಿಕಲ್ ಬೋರ್ಡಿನ ಮುಂದೆ ಬೇಕಾಗುವುದು ಅದೇ.

ಕಾರ್ಖಾನೆಯ ಅಪಘಾತ ಪುಸ್ತಕವೂ ಅಷ್ಟೇ ಮುಖ್ಯ. ಗಾಯಾಳು ಬಾಯಿಮಾತಿನಲ್ಲಿ ಹೇಳಿದರೂ ನಡೆಯುತ್ತದೆ, ಅವನ ಪರವಾಗಿ ಜೊತೆಗಾರ ಹೇಳಿದರೂ ನಡೆಯುತ್ತದೆ. ಇಲ್ಲಿ ಪುಸ್ತಕ ಮರಾಠಿಯಲ್ಲಿರುತ್ತದೆ, ನಮ್ಮವರು ಓದದೆ ಸಹಿ ಹಾಕುತ್ತಾರೆ. ಗಟ್ಟಿಯಾಗಿ ಓದಿಸಿಕೊಳ್ಳಿ. "ನಿಷ್ಕಾಳಜೀಪಣಾ" ಎಂಬ ಪದ ಕಿವಿಗೆ ಬಿದ್ದರೆ, ತಪ್ಪನ್ನು ನಿಮ್ಮ ಅಲಕ್ಷ್ಯಕ್ಕೆ ಕಟ್ಟಿದ್ದಾರೆ ಎಂದೇ ಅರ್ಥ. ಇರಬೇಕಾದ್ದು ಹೀಗೆ: "ಎರಡನೇ ಪಾಳಿ, ಸಂಜೆ 5.40, 50 ಟನ್ ಪವರ್ ಪ್ರೆಸ್. ಡೈಯಲ್ಲಿ ಸಿಕ್ಕ ಸ್ಕ್ರ್ಯಾಪ್ ತೆಗೆಯುವಾಗ ಸ್ಲೈಡ್ ತಾನಾಗಿ ಮತ್ತೆ ಇಳಿಯಿತು. ಎರಡೂ ಕೈಯಿಂದ ಒತ್ತಬೇಕಾದ ಬಟನ್ ತೆಗೆದು ಫುಟ್ ಪೆಡಲ್ ಜೋಡಿಸಿತ್ತು. ಬಲಗೈ ತೋರುಬೆರಳು." ಜೊತೆಗೆ ಕಣ್ಣಾರೆ ಕಂಡ ಇಬ್ಬರ ಹೆಸರು. ಹೀಗೆ ಬರೆದರೇ ಮಷೀನು ದುರಸ್ತಿಯಾಗುತ್ತದೆ. ಇಲ್ಲದಿದ್ದರೆ ನಾಳೆ ಅದೇ ಪ್ರೆಸ್ಸಿನಲ್ಲಿ ಇನ್ನೊಬ್ಬ ಕೂರುತ್ತಾನೆ. ಬರೆದ ಪುಟದ ಫೋಟೊ ಮೊಬೈಲಿನಲ್ಲಿರಲಿ.

ಗಾಯಾಳು 48 ಗಂಟೆ ಕೆಲಸ ಮಾಡಲಾಗದಿದ್ದರೆ ಕಾರ್ಖಾನೆ ಸರಕಾರಕ್ಕೆ ವರದಿ ಕೊಡಲೇಬೇಕು. 1948ರ ಕಾರ್ಖಾನೆ ಕಾಯ್ದೆಯಲ್ಲೂ ಅದರ ಜಾಗಕ್ಕೆ ತಂದ 2020ರ ಸಂಹಿತೆಯಲ್ಲೂ ಅಳತೆ ಇದೇ. ತಪ್ಪಿಸಿಕೊಳ್ಳುವ ಉಪಾಯವೂ ಹಳೆಯದೇ: ಬ್ಯಾಂಡೇಜ್ ಸುತ್ತಿದ ಕೈಯವನನ್ನು ಮರುದಿನ ಕರೆಸಿ, ಸ್ಟೋರಿನಲ್ಲಿ ಕೂರಿಸಿ ಹಾಜರಿ ಹಾಕುವುದು. ಡಾಕ್ಟರು ವಿಶ್ರಾಂತಿ ಬರೆದಿದ್ದರೆ ಹೋಗಬೇಡಿ. ಹಾಜರಿ ಬಿದ್ದ ದಿನಕ್ಕೆ ಇಎಸ್‌ಐ ಹಣವೂ ಬರುವುದಿಲ್ಲ.

ಗಾಯ ಕಣ್ಣಿಗೆ ಕಾಣುತ್ತದೆ, ರೋಗ ಕಾಣುವುದಿಲ್ಲ. ಲೋಹ ಎರಕ ಹೊಯ್ಯುವ ಫೌಂಡ್ರಿಯ ಮರಳಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್‌ಗೆ ಟಿಬಿ ಎಂದು ಗುಳಿಗೆ ಕೊಡುವುದು ಸಾಮಾನ್ಯ. ಎರಡೂ ಒಟ್ಟಿಗೆ ಇರುವುದೂ ಉಂಟು. ಇಂಥ ರೋಗ ಕಂಡ ವೈದ್ಯರೇ ಮುಖ್ಯ ನಿರೀಕ್ಷಕರಿಗೆ ತಿಳಿಸಬೇಕೆಂದು ಕಾನೂನಿದೆ. ಆದರೆ ರೋಗಿ ಏನು ಕೆಲಸ ಮಾಡುತ್ತಾನೆಂದು ಗೊತ್ತಾಗದೆ ಅವರಾದರೂ ಏನು ತಿಳಿಸಿಯಾರು? ಯಾವ ಕಾರ್ಖಾನೆ, ಯಾವ ವಿಭಾಗ, ಎಷ್ಟು ವರ್ಷ ಎಂದು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. "ಕಂಪನಿ ಕೆಲಸ" ಎಂದಷ್ಟೇ ಹೇಳಿದರೆ ಸಾಲದು. ಸದ್ದಿನಿಂದ ಕಿವುಡಾಗುವುದೂ ಇಂಥದೇ ರೋಗ. ಕಾದ ಲೋಹ ಬಡಿಯುವ ಫೋರ್ಜಿಂಗ್ ಶಾಪಿನವರು ಕಿವಿ ಪರೀಕ್ಷೆಗೆ ಪಾಳಿ ಮುಗಿಸಿ ನೇರವಾಗಿ ಹೋಗಬಾರದು. ಸದ್ದಿನಿಂದ ದಣಿದ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತದೆ, "ಸುಧಾರಿಸುತ್ತದೆ" ಎಂದು ತಳ್ಳಿಹಾಕಲು ಅದೇ ನೆಪವಾಗುತ್ತದೆ. ವಾರದ ರಜೆಯ ಮರುದಿನ, ಪಾಳಿ ಶುರುವಾಗುವ ಮೊದಲೇ, ಕಡೇಪಕ್ಷ 16 ತಾಸು ಸದ್ದಿನಿಂದ ದೂರವಿದ್ದು ಹೋಗಿ. ಪರೀಕ್ಷೆಯ ಗ್ರಾಫಿನಲ್ಲಿ 4000 ಹರ್ಟ್ಸ್ ಹತ್ತಿರ ಗೆರೆ ಕುಸಿದಿದೆಯೇ, ಅಂದರೆ ಸದ್ದಿನಿಂದಾದ ಹಾನಿಯ ಗುರುತು ಇದೆಯೇ ಎಂದು ಕೇಳಿ, ಆ ಗ್ರಾಫಿನ ಪ್ರತಿ ತೆಗೆದುಕೊಂಡೇ ಹೊರಗೆ ಬನ್ನಿ.