ಓದುಗರ ಪ್ರಶ್ನೆ: ಮೊಸರಿಗೆ ನೀರು ಬೆರೆಸಿದರೆ ಮಜ್ಜಿಗೆ ಆಯಿತಲ್ಲವೇ?

ಬೇಸಿಗೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ: "ನಮ್ಮ ಮಜ್ಜಿಗೆ, ಗುಜರಾತಿನ ಛಾಸ್, ಕೇರಳದ ಸಂಭಾರಂ ಎಲ್ಲ ಒಂದೇ ತಾನೇ? ಮೊಸರಿಗೆ ನೀರು ಹಾಕಿ ಒಗ್ಗರಣೆ ಕೊಟ್ಟರೆ ಆಯಿತಲ್ಲ, ಜಿಡ್ಡೂ ಇರುವುದಿಲ್ಲ?"

ಮೊದಲರ್ಧಕ್ಕೆ ಬೇಗ ಉತ್ತರಿಸಿಬಿಡುತ್ತೇನೆ. ಮೂಲ ಒಂದೇ, ರುಚಿ ಆಯಾ ಸೀಮೆಯ ಊಟಕ್ಕೆ ತಕ್ಕಂತೆ. ಛಾಸ್‌ಗೆ ಹುರಿದ ಜೀರಿಗೆಪುಡಿ, ಕಪ್ಪುಪ್ಪು. ಸಂಭಾರಂಗೆ ಜಜ್ಜಿದ ಶುಂಠಿ, ಹಸಿಮೆಣಸಿನಕಾಯಿ, ಚಿಕ್ಕ ಈರುಳ್ಳಿ, ಕರಿಬೇವು. ಮಹಾರಾಷ್ಟ್ರದ ಮದುವೆ ಊಟದಲ್ಲಿ ಜಿಲೇಬಿಯ ಜೊತೆ ಮಠ್ಠಾ. ನಮ್ಮಲ್ಲಿ ರಾಮನವಮಿಗೆ ಪಾನಕ, ಕೋಸಂಬರಿಯ ಪಕ್ಕ ನೀರುಮಜ್ಜಿಗೆ. ಉತ್ತರ ಕರ್ನಾಟಕದವರು ಜೋಳದ ನುಚ್ಚಿಗೆ ಮಜ್ಜಿಗೆ ಸುರಿದುಕೊಂಡರೆ ಅದೇ ಊಟ. ಮಲೆನಾಡಿನವರು ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಕಾಯಿತುರಿಯ ಜೊತೆ ರುಬ್ಬಿ ಮಜ್ಜಿಗೆಗೆ ಸೇರಿಸಿ ತಂಬುಳಿ ಮಾಡುತ್ತಾರೆ. ಇವೆಲ್ಲದರಲ್ಲಿ ನನ್ನ ಓಟು ತಂಬುಳಿಗೇ.

ಇನ್ನು ಜಿಡ್ಡಿನ ಮಾತು. ಇದನ್ನು ಎಷ್ಟು ಸಲ ಹೇಳಿದ್ದೇನೋ, ಮತ್ತೆ ಹೇಳುತ್ತೇನೆ: ನೀರು ಹಾಕಿದರೆ ಜಿಡ್ಡು ಹೋಗುವುದಿಲ್ಲ. ಫುಲ್ ಕ್ರೀಮ್ ಹಾಲಿನಲ್ಲಿ 6% ಜಿಡ್ಡು ಇರುತ್ತದೆ. ಅದಕ್ಕೆ ಹೆಪ್ಪು ಹಾಕಿದ 250 ಗ್ರಾಂ ಮೊಸರಿನಲ್ಲಿ ಸುಮಾರು 15 ಗ್ರಾಂ ಆಯಿತು. ಮೂರು ಲೋಟ ನೀರು ಸುರಿಯಿರಿ, ಪಾತ್ರೆಯಲ್ಲಿ ಆ 15 ಗ್ರಾಂ ಹಾಗೇ ಇರುತ್ತದೆ. ಇಡೀ ಪಾತ್ರೆ ಒಬ್ಬರೇ ಕುಡಿದರೆ ಅಷ್ಟೂ ಹೊಟ್ಟೆಗೇ. ಲೋಟಕ್ಕೆ ಕಡಿಮೆ ಬೀಳುವುದು ಮೊಸರೇ ಕಡಿಮೆ ಬಿದ್ದದ್ದರಿಂದ.

ಜಿಡ್ಡು ತೆಗೆಯುವುದು ಕಡೆಯುವ ಕೆಲಸ. ಹಾಲಿನ ಜಿಡ್ಡು ಸಣ್ಣ ಸಣ್ಣ ಹನಿಗಳಾಗಿ, ಪ್ರತಿ ಹನಿಗೂ ತೆಳು ಪೊರೆ ಸುತ್ತಿಕೊಂಡು ಇರುತ್ತದೆ. ಕಡಗೋಲು ಆ ಪೊರೆ ಹರಿಯುತ್ತದೆ, ಹನಿಗಳು ಒಂದಕ್ಕೊಂದು ಅಂಟಿ ಬೆಣ್ಣೆಯಾಗಿ ತೇಲುತ್ತವೆ. ಬೆಣ್ಣೆ ತೆಗೆದ ಮೇಲೆ ಉಳಿಯುವುದೇ ಮಜ್ಜಿಗೆ. ಸೆಕೆ ಹೆಚ್ಚಾದರೆ ಜಿಡ್ಡು ಕರಗಿ ಗಟ್ಟಿಕಟ್ಟುವುದಿಲ್ಲ, ಚಳಿ ಹೆಚ್ಚಾದರೆ ಬಿರುಸಾಗಿ ಅಂಟುವುದಿಲ್ಲ. ಅದಕ್ಕೇ ಅಜ್ಜಿಯರು ಬೇಸಿಗೆಯಲ್ಲಿ ತಣ್ಣೀರು, ಚಳಿಗಾಲದಲ್ಲಿ ಉಗುರುಬೆಚ್ಚನೆಯ ನೀರು ಹಾಕಿ ಕಡೆಯುತ್ತಿದ್ದದ್ದು. ಥರ್ಮಾಮೀಟರ್ ಇಲ್ಲದೆ ಕೈಯಲ್ಲೇ ಹದ ಹಿಡಿದಿದ್ದ ಆ ಜಾಣ್ಮೆಗೆ ನಾನು ಕೈ ಮುಗಿಯುತ್ತೇನೆ.

ಮಿಕ್ಸಿಯ ಮೇಲೆ ನನಗೆ ಸಿಟ್ಟಿಲ್ಲ. ಅದರಲ್ಲೂ ಬೆಣ್ಣೆ ಬರುತ್ತದೆ. ಆದರೆ ನೊರೆ ಬಂದ ಕೂಡಲೇ ನಿಲ್ಲಿಸಿದರೆ ನೀವು ಮಾಡಿದ್ದು ತೆಳು ಮೊಸರು. ಪ್ಯಾಕೆಟ್ ಮೇಲೆ "ಹೋಮೋಜಿನೈಸ್ಡ್" ಎಂದಿದ್ದರೆ ಆ ಮೊಸರನ್ನು ಕಡೆದು ಕೈ ನೋಯಿಸಿಕೊಳ್ಳಬೇಡಿ. ಅದರಲ್ಲಿ ಹನಿಗಳನ್ನು ಮೊದಲೇ ತೀರಾ ಚಿಕ್ಕದಾಗಿ ಒಡೆದಿರುತ್ತಾರೆ, ಬೆಣ್ಣೆ ಸುಲಭಕ್ಕೆ ಕೂಡುವುದಿಲ್ಲ. ತೆಳು ಮೊಸರು ಕುಡಿದರೆ ತಪ್ಪೇನಿಲ್ಲ, ಬಾಯಾರಿಕೆಗೆ ಒಳ್ಳೆಯದೇ. ಬೆಣ್ಣೆ ತೆಗೆದದ್ದು ಎಂದು ಮಾತ್ರ ಲೆಕ್ಕ ಹಾಕಬೇಡಿ.

ಮಜ್ಜಿಗೆಯ ಮಾತು ಬಂದಾಗ ಮಜ್ಜಿಗೆ ಹುಳಿಯನ್ನು ಬಿಡಲು ಮನಸ್ಸಾಗುವುದಿಲ್ಲ. ಅದು ಒಡೆಯುವುದು ಹುಳಿಯೂ ಬಿಸಿಯೂ ಸೇರಿ ಹಾಲಿನ ಪ್ರೋಟೀನನ್ನು ಗಂಟು ಕಟ್ಟಿಸುವುದರಿಂದ. ನೆನೆಸಿದ ಕಡಲೆಬೇಳೆಯನ್ನು ಕಾಯಿಯ ಜೊತೆ ರುಬ್ಬಿ ಹಾಕುವುದು ಬರೀ ರುಚಿಗಲ್ಲ. ಬೇಳೆಯ ಪಿಷ್ಟ ಆ ಗಂಟನ್ನು ತಡೆಯುತ್ತದೆ. ಬೂದುಗುಂಬಳದ ಹೋಳು ಬೆಂದ ಮೇಲೆ ರುಬ್ಬಿದ್ದನ್ನು ಹಾಕಿ ಕುದಿಸಿ, ಹೆಚ್ಚು ಹುಳಿಯಾಗದ ಮಜ್ಜಿಗೆಯನ್ನು ಕೊನೆಗೆ, ಸಣ್ಣ ಉರಿಯಲ್ಲಿ ಸೇರಿಸಿ. ಅಂಚಿನಲ್ಲಿ ಮೊದಲ ಗುಳ್ಳೆ ಕಂಡ ಕೂಡಲೇ ಒಲೆ ಆರಿಸಿ.