ಗೋಡೆಯ ತೂತಿನಲ್ಲಿ ದಾಟಿದ ಹೊಗೆ

ಎರಡು ಜೈಲು ಕೋಣೆ, ನಡುವೆ ಗೋಡೆ. ಗೋಡೆಯಲ್ಲೊಂದು ಸಣ್ಣ ತೂತು. ಈಚೆಯ ಕೈದಿ ಅದರೊಳಗೆ ಹುಲ್ಲುಕಡ್ಡಿ ತೂರಿಸಿ ಸಿಗರೇಟಿನ ಹೊಗೆ ಊದುತ್ತಾನೆ. ಆಚೆಯವನು ಬಾಯಿ ತೆರೆದು ಅದನ್ನು ಒಳಗೆಳೆದುಕೊಳ್ಳುತ್ತಾನೆ. ಒಂದು ಮಾತೂ ಇಲ್ಲ. ಕಾವಲುಗಾರ ಮಾತ್ರ ಬಾಗಿಲ ಕಿಂಡಿಯಿಂದ ಇಣುಕುತ್ತಿರುತ್ತಾನೆ. ಕಳ್ಳತನಕ್ಕಾಗಿ ತಾನೇ ಜೈಲು ಕಂಡಿದ್ದ ಫ್ರೆಂಚ್ ಲೇಖಕ ಜೀನ್ ಜೆನೆ 1950ರಲ್ಲಿ ತೆಗೆದ ಮೂಕಿಚಿತ್ರವಿದು. ಹೆಸರಿನ ಅರ್ಥ 'ಪ್ರೇಮಗೀತೆ'. ಉದ್ದ ಅರ್ಧ ಗಂಟೆಯೂ ಇಲ್ಲ.

ಪ್ರಯೋಗದ ಸಿನಿಮಾ ಅಂದರೆ ಸುಮ್ನೆ ಅರ್ಥವಾಗದ ಹಾಗೆ ತೆಗೆಯುವುದು ಎಂಬ ದೂರು ನಮ್ಮಲ್ಲಿ ಜಾಸ್ತಿ. ಆದರೆ ಸಲಿಂಗಪ್ರೇಮವನ್ನು ತೆರೆಗೆ ತಂದ ಜೆನೆಯಂಥವರು ಕಟ್ಟುಪಾಡು ಮುರಿದದ್ದು ಬರೀ ಶೋಕಿಗಲ್ಲ. ನೆಟ್ಟಗೆ ಕಥೆ ಹೇಳುವ ದಾರಿಗೇ ಬೀಗ ಬಿದ್ದಿತ್ತು. ತೆರೆಯ ಮೇಲೆ ಏನು ತೋರಿಸಬಹುದು, ಏನು ಕೂಡದು ಎಂಬ ನಿಯಮಗಳ ಪಟ್ಟಿ ಹೇಸ್ ಕೋಡ್. ಹಾಲಿವುಡ್‌ನಲ್ಲಿ 1934ರಿಂದ ಅದು ಬಿಗಿಯಾಗಿ ಜಾರಿಯಾಯಿತು. 'ಲೈಂಗಿಕ ವಿಕೃತಿ'ಯ ಸುಳಿವು ಕೂಡ ತೆರೆಯ ಮೇಲೆ ಬರಕೂಡದು ಎಂದಿತು. ಸಲಿಂಗಕಾಮದ ಮಟ್ಟಿಗೆ ಅದು ಸ್ವಲ್ಪ ಸಡಿಲವಾಗಿದ್ದು 1961ರಲ್ಲಿ.

ಕೋಡ್ ಇದ್ದದ್ದು ಸ್ಟುಡಿಯೋಗಳಿಗೆ. ಮನೆಯಲ್ಲಿ 16 ಎಂಎಂ ಕ್ಯಾಮೆರಾ ಹಿಡಿದ ಹುಡುಗನನ್ನು ಯಾರು ಕೇಳಬೇಕು? 1947ರಲ್ಲಿ ಕೆನೆತ್ ಆಂಗರ್ ತೆಗೆದ 'ಫೈರ್‌ವರ್ಕ್ಸ್' ಹೀಗೆ ಹುಟ್ಟಿತು. ಅಪ್ಪ ಅಮ್ಮ ಊರಲ್ಲಿಲ್ಲದಾಗ ಮನೆಯಲ್ಲೇ ತೆಗೆದೆ, ಆಗ ನನಗೆ ಹದಿನೇಳು ಎಂದು ಆಂಗರ್ ಹೇಳುತ್ತಿದ್ದರು. ಲೆಕ್ಕ ಹಾಕಿದರೆ ಇಪ್ಪತ್ತಾಗುತ್ತದೆ, ಇರಲಿ. ಚಿತ್ರವಿಡೀ ಒಂದು ಕನಸು. ನಾವಿಕರು ಹುಡುಗನನ್ನು ಹೊಡೆದು ಕೆಡವುತ್ತಾರೆ. ಕೊನೆಗೆ ಒಬ್ಬ ನಾವಿಕನ ಪ್ಯಾಂಟಿನಿಂದ ಪಟಾಕಿ ಕಿಡಿ ಕಾರುತ್ತದೆ. ನೇರವಾಗಿ ತೋರಿಸಲಾಗದ್ದನ್ನು ಪಟಾಕಿಯಲ್ಲಿ ತೋರಿಸಿದ ಈ ತುಂಟತನ ನನಗೆ ಇವತ್ತಿಗೂ ಇಷ್ಟ. ಲಾಸ್ ಏಂಜಲೀಸ್‌ನಲ್ಲಿ ಇದನ್ನು ತೋರಿಸಿದವರ ಮೇಲೆ ಅಶ್ಲೀಲತೆಯ ಕೇಸ್ ಬಿತ್ತು. ಮೇಲಿನ ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ.

ಇನ್ನೊಬ್ಬ ಅಮೆರಿಕನ್ ನಿರ್ದೇಶಕ ಜ್ಯಾಕ್ ಸ್ಮಿತ್ ಕೈಯಲ್ಲಿ ಅಷ್ಟು ದುಡ್ಡೂ ಇರಲಿಲ್ಲ. 1963ರ 'ಫ್ಲೇಮಿಂಗ್ ಕ್ರೀಚರ್ಸ್' ಚಿತ್ರವನ್ನು ಅವಧಿ ಮುಗಿದ ಫಿಲ್ಮಿನಲ್ಲಿ ತೆಗೆದರು. ಬೆಳಕು ಮಾಸಿದೆ, ಮೈಗಳು ಒಂದರೊಳಗೊಂದು ಕಲೆತಿವೆ, ಯಾರು ಗಂಡು ಯಾರು ಹೆಣ್ಣು ಎಂದೇ ತಿಳಿಯುವುದಿಲ್ಲ. ಬಡತನವೇ ಇಲ್ಲಿ ಶೈಲಿಯಾಯಿತು, ಅಲ್ವಾ? 1964ರಲ್ಲಿ ನ್ಯೂಯಾರ್ಕ್ ಪೊಲೀಸರು ಪ್ರಿಂಟ್ ಕಿತ್ತುಕೊಂಡು, ಪ್ರದರ್ಶನ ಏರ್ಪಡಿಸಿದ್ದ ಜೋನಸ್ ಮೆಕಾಸ್ ಅವರನ್ನು ಹಿಡಿದರು. ಮೆಕಾಸ್ ಸುಮ್ಮನಿರಲಿಲ್ಲ. ಕೆಲವೇ ದಿನಗಳಲ್ಲಿ ಜೆನೆಯ ಚಿತ್ರ ಹಾಕಿ ಮತ್ತೆ ಬಂಧನಕ್ಕೊಳಗಾದರು. ಕ್ಯಾಲಿಫೋರ್ನಿಯಾದಿಂದ ಹೋದ ಇನ್ನೊಂದು ಕೇಸಿನಲ್ಲಿ, ಆ ಹೊಗೆಯ ಚಿತ್ರ ಅಶ್ಲೀಲ ಎಂಬ ಕೆಳಗಿನ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲಿ 5-4ರಿಂದ ಎತ್ತಿಹಿಡಿಯಿತು.

ಅದೇ 1967ರಲ್ಲಿ ಇಂಗ್ಲೆಂಡ್ ಸಲಿಂಗಕಾಮವನ್ನು ಅಪರಾಧದ ಪಟ್ಟಿಯಿಂದ ಭಾಗಶಃ ಕೈಬಿಟ್ಟಿತು. ಅಲ್ಲಿನ ನಿರ್ದೇಶಕ ಡೆರೆಕ್ ಜಾರ್ಮನ್ ಕೊನೆಗಾಲದಲ್ಲಿ ತೆರೆಯಿಂದ ತೆಗೆದುಹಾಕಿದ್ದು ದೃಶ್ಯವನ್ನೇ. ಏಡ್ಸ್‌ನಿಂದ ಕಣ್ಣು ಮಂಜಾಗುತ್ತಿದ್ದಾಗ ಮಾಡಿದ 'ಬ್ಲೂ' (1993) ಒಂದೂಕಾಲು ಗಂಟೆ ಬರೀ ನೀಲಿ ಪರದೆ. ಆಸ್ಪತ್ರೆ, ಔಷಧಿ, ಸತ್ತ ಗೆಳೆಯರ ಹೆಸರು, ಎಲ್ಲವೂ ದನಿಯಲ್ಲೇ. ಟಿವಿಯ ಜೊತೆಗೇ ಅದನ್ನು ಬಿಬಿಸಿ ರೇಡಿಯೋದಲ್ಲೂ ಬಿತ್ತರಿಸಿದರು. ರೇಡಿಯೋ ಕೇಳುವವರು ನೋಡುತ್ತಾ ಕೂರಲಿ ಎಂದು ಒಂದು ನೀಲಿ ಕಾರ್ಡನ್ನೂ ಕೊಟ್ಟರು.