ಒಂದು ಹೆಚ್ಚುವರಿ ಎಕ್ಸ್: ಕ್ಲೈನ್‌ಫೆಲ್ಟರ್ ಸ್ಥಿತಿ ತಡವಾಗಿ ತಿಳಿಯುವುದೇಕೆ?

ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗದಿದ್ದರೆ ನಮ್ಮಲ್ಲಿ ಮೊದಲು ಆಸ್ಪತ್ರೆ ಮೆಟ್ಟಿಲು ಹತ್ತುವವಳು ಹೆಂಡತಿ. ಹರಕೆ, ಸ್ಕ್ಯಾನು, ಮಾತ್ರೆ ಎಲ್ಲ ಆದಮೇಲೆ ಗಂಡನ ವೀರ್ಯ ಪರೀಕ್ಷೆ. ಅದರಲ್ಲಿ ವೀರ್ಯಾಣು ಕಾಣದೆ ವರ್ಣತಂತು (ಜೀವಕೋಶದೊಳಗೆ ವಂಶಗುಣ ಹೊತ್ತ ಎಳೆ, ಕ್ರೋಮೋಸೋಮ್) ಪರೀಕ್ಷೆಗೆ ರಕ್ತ ಕೊಟ್ಟಾಗ, ಕೆಲವರ ವರದಿಯಲ್ಲಿ '47, ಎಕ್ಸ್‌ಎಕ್ಸ್‌ವೈ' ಎಂದಿರುತ್ತದೆ. ಸಾಮಾನ್ಯವಾಗಿ 46 ಇರುವ ವರ್ಣತಂತು ಇಲ್ಲಿ 47: ಗಂಡಸರಿಗೆ ಇರುವ ಒಂದು ಎಕ್ಸ್, ಒಂದು ವೈ ಜೊತೆಗೆ ಇನ್ನೊಂದು ಎಕ್ಸ್. ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬರಿಗಿರುವ ಈ ಕ್ಲೈನ್‌ಫೆಲ್ಟರ್ ಸ್ಥಿತಿ ಅಪರೂಪದ್ದೇನಲ್ಲ.

1942ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಯುವ ವೈದ್ಯ ಹ್ಯಾರಿ ಕ್ಲೈನ್‌ಫೆಲ್ಟರ್, ತಮ್ಮ ಗುರು ಫುಲ್ಲರ್ ಆಲ್‌ಬ್ರೈಟ್ ಮತ್ತಿತರರ ಜೊತೆ ಒಂಬತ್ತು ಗಂಡಸರ ಬಗ್ಗೆ ಬರೆದರು. ಸಣ್ಣ ವೃಷಣ, ಬೆಳೆದ ಎದೆ, ವೀರ್ಯಾಣುವಿನ ಅಭಾವ. ಇದು ಹಾರ್ಮೋನಿನ ತೊಂದರೆ ಎಂದೇ ಅವರು ತಿಳಿದಿದ್ದರು. ಆ ಒಂಬತ್ತು ಮಂದಿಯ ಚಿತ್ರವೇ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಎದೆ ಬೆಳೆಯದ, ಬರೀ ಎತ್ತರವಾಗಿ ಕಾಣುವ ಹುಡುಗ ಯಾರ ಕಣ್ಣಿಗೂ ಬೀಳಲಿಲ್ಲ.

ಮುಂದಿನದು ಇನ್ನೂ ನೋವಿನ ಅಧ್ಯಾಯ. 1949ರಲ್ಲಿ ಕೆನಡಾದ ಮರ್ರೆ ಬಾರ್ ಮತ್ತು ಈವಾರ್ಟ್ ಬರ್ಟ್ರಾಮ್, ಹೆಣ್ಣುಬೆಕ್ಕಿನ ನರಕೋಶದಲ್ಲಿ ಗಂಡಿನಲ್ಲಿಲ್ಲದ ಕಪ್ಪು ಚುಕ್ಕೆಯೊಂದನ್ನು ಕಂಡರು. 1956ರ ಹೊತ್ತಿಗೆ ಅದೇ ಚುಕ್ಕೆ ಕ್ಲೈನ್‌ಫೆಲ್ಟರ್ ಇರುವ ಅನೇಕ ಗಂಡಸರಲ್ಲೂ ಸಿಕ್ಕಿತು. ಇವರು ಮೂಲದಲ್ಲಿ ಹೆಣ್ಣುಗಳು ಎಂದು ಕೆಲವರು ತೀರ್ಮಾನಿಸಿಬಿಟ್ಟರು! 1959ರಲ್ಲಿ ಎಡಿನ್‌ಬರೋದ ಪೆಟ್ರೀಶಿಯಾ ಜೇಕಬ್ಸ್ ಮತ್ತು ಜಾನ್ ಸ್ಟ್ರಾಂಗ್ ವರ್ಣತಂತುಗಳನ್ನೇ ಎಣಿಸಿದರು: 47, ಅದರಲ್ಲಿ ವೈ ಕೂಡ ಇತ್ತು. ಇವರು ಗಂಡಸರೇ, ಸಂಶಯವಿಲ್ಲ. ಆದರೂ ಆ ಹಳೆಯ ಅನುಮಾನದ ನೆರಳು ಈಗಲೂ ವರದಿ ಹಿಡಿದು ಕೂತವರನ್ನು ಕಾಡುತ್ತದೆ.

ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ವರ್ಣತಂತುಗಳು ಸರಿಯಾಗಿ ಬೇರ್ಪಡದಿದ್ದರೆ ಹೀಗಾಗುತ್ತದೆ. ಅದು ಆಕಸ್ಮಿಕ. ತಾಯಿಯ ತಪ್ಪೂ ಅಲ್ಲ, ತಂದೆಯ ತಪ್ಪೂ ಅಲ್ಲ. ಹೆಚ್ಚಿನವರ ಬುದ್ಧಿಶಕ್ತಿ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಮಾತು ತಡವಾಗುವುದು, ಓದು ಬರಹದಲ್ಲಿ ಹಿಂದೆ ಬೀಳುವುದು ಮಾತ್ರ ಹಲವರಲ್ಲುಂಟು. ಅಂಥ ಹುಡುಗನಿಗೆ ಮನೆಯಲ್ಲಿ, ಶಾಲೆಯಲ್ಲಿ ಸಿಗುವ ಹೆಸರು 'ಸೋಮಾರಿ'. ಮಾತಿನ ತರಬೇತಿ ಚಿಕ್ಕಂದಿನಲ್ಲೇ ಸಿಕ್ಕರೆ ಎಷ್ಟು ಅವಮಾನ ತಪ್ಪುತ್ತದೆ! 2003ರ ಡೆನ್ಮಾರ್ಕ್ ಅಧ್ಯಯನವೊಂದರ ಪ್ರಕಾರ ಸುಮಾರು ಕಾಲುಭಾಗ ಮಂದಿಗೆ ಮಾತ್ರ ತಮಗೆ ಈ ಸ್ಥಿತಿ ಇರುವುದು ಗೊತ್ತಾಗುತ್ತದೆ. ಹರೆಯಕ್ಕೆ ಮೊದಲೇ ತಿಳಿಯುವುದು ಶೇ. 10ಕ್ಕಿಂತ ಕಡಿಮೆ ಜನರಲ್ಲಿ.

ಹರೆಯದಲ್ಲಿ ವೃಷಣದ ಗಾತ್ರವನ್ನು ವೈದ್ಯರು ಒಮ್ಮೆ ಪರೀಕ್ಷಿಸಿದರೂ ಸುಳಿವು ಸಿಗುತ್ತದೆ. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಚಿಕಿತ್ಸೆ ಮೂಳೆ, ಸ್ನಾಯು, ಉತ್ಸಾಹಕ್ಕೆ ಆಸರೆ. 1990ರ ದಶಕದಿಂದೀಚೆಗೆ ಸೂಕ್ಷ್ಮ ಶಸ್ತ್ರಚಿಕಿತ್ಸೆಯಲ್ಲಿ ವೃಷಣದಿಂದಲೇ ವೀರ್ಯಾಣು ಹುಡುಕಿ ತೆಗೆಯುತ್ತಿದ್ದಾರೆ. ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯಲ್ಲಿ ಸಿಗುತ್ತದೆ. ಆದರೆ ಹೊರಗಿನಿಂದ ಕೊಡುವ ಟೆಸ್ಟೋಸ್ಟೆರಾನ್ ಉಳಿದಿರುವ ವೀರ್ಯಾಣು ಉತ್ಪತ್ತಿಯನ್ನೂ ತಗ್ಗಿಸಬಲ್ಲದು. ಮಕ್ಕಳು ಬೇಕೆನ್ನುವವರು ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಈ ವಿಷಯವನ್ನು ವೈದ್ಯರ ಬಳಿ ಎತ್ತಬೇಕು.